ಏಳನೆಯ ಅಧ್ಯಾಯದ ಕರಡು

ಕರ್ನಲ್ ಸಾಹೇಬರು ಪುಣೆಯಿಂದ ಫೋನು ಮಾಡಿದ್ದರು:
ಪಲ್ಟನ್ನಿಗೆ ಐವತ್ತು ತುಂಬುತ್ತಿದೆ, ಚರಿತ್ರೆ ಅಚ್ಚಾಗಬೇಕು,
ದ್ವೀಪದ ಅಧ್ಯಾಯ ನಿನ್ನದು ಮೊಣ್ಣಪ್ಪ,
ಡೈರಿ ಬರೆದವನು ನೀನೇ ತಾನೆ.
ಹೂಂ ಅಂದೆ.
ಹವಾಲ್ದಾರ್ ಕ್ಲರ್ಕು ಬೇರೇನು ಅಂದಾನು.

ಪೊನ್ನಂಪೇಟೆಯ ಈ ಹಿಂದಿನ ಕೋಣೆಯಲ್ಲಿ
ಗೊಬ್ಬರದ ಚೀಲಗಳ ಪಕ್ಕ ಮೇಜು,
ಮೇಜಿನ ಮೇಲೆ ಬೂಷ್ಟು ಹಿಡಿದ ನಾಲ್ಕು ರಿಜಿಸ್ಟರು.
ಇಪ್ಪತ್ತೇಳು ವಯಸ್ಸಿನ ನನ್ನ ಅಕ್ಷರ
ಗೆರೆ ತಪ್ಪದೆ ಕವಾಯತು ಮಾಡುತ್ತಿದೆ:
ಬೆಳಿಗ್ಗೆ ಐದು ಹತ್ತು. ಹಡಗು ದಡ ಸೇರಿತು.
ಊರ ಜನ ಹಾರ ಹಾಕಿದರು.

ಹಾಕಿದ್ದು ನಿಜ.
ಆ ಹೂ ಬಾಡಿ ಎಷ್ಟು ವಾರಕ್ಕೆ
ಅದೇ ಓಣಿಯಿಂದ ಗುಂಡು ಬಂತು ಎಂಬುದು
ಎರಡನೇ ರಿಜಿಸ್ಟರಿನಲ್ಲಿದೆ.

ಯುದ್ಧಕ್ಕೆಂದು ಹೋದವರಲ್ಲ ನಾವು.
ಒಂದೇ ಅಂಗಳದಲ್ಲಿ ಕತ್ತಿ ಹಿರಿದ ಇಬ್ಬರ ನಡುವೆ
ನೆರೆಮನೆಯವನು ಬಂದು ನಿಲ್ಲುತ್ತಾನಲ್ಲ, ಹಾಗೆ.
ಗದ್ದೆಯ ಬದುವಿನ ಜಗಳ ನೋಡಿದ ಯಾರಿಗೂ ಗೊತ್ತು
ಮೊದಲ ಏಟು ಯಾರಿಗೆ ಬೀಳುತ್ತದೆಂದು.

ಲಾನ್ಸ್ ನಾಯಕ್ ಚಿಟ್ಟಿಯಪ್ಪ, ಬಾಳೆಲೆಯವನು,
ತಾಳೆಮರಗಳ ನಡುವಿನ ಬಾವಿಯಿಂದ ನೀರು ಸೇದಿ
ಒಂದು ಗುಟುಕು ಕುಡಿದು, ಉಗುಳಿ,
ಉಪ್ಪು ಮಾರಾಯಾ ಅಂದ.
ಅಷ್ಟೇ.
ಡೈರಿಯಲ್ಲಿ: ಒಬ್ಬ ಜವಾನ, ವೀರಗತಿ, ಹನ್ನೊಂದು ನಲವತ್ತು.
ಹಗ್ಗ ಬಾವಿಯೊಳಗೆ ಜಾರಿದ ಸದ್ದು ಡೈರಿಯಲ್ಲಿಲ್ಲ.

ಮಾರನೆಯ ಸಂಜೆ: ಎದುರಾಳಿಗಳಲ್ಲಿ ಸತ್ತವರು, ಹನ್ನೊಂದು.
ಎಣಿಸಿದವನು ನಾನೇ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು.
ಹನ್ನೊಂದನೆಯದಕ್ಕೆ ಜಡೆ ಇತ್ತು, ಎರಡು,
ಮೇಲೆತ್ತಿ ತಲೆಗೆ ಸುತ್ತಿ ಬಿಗಿದದ್ದು,
ಯಾರೋ ಹೇಳಿಕೊಟ್ಟಂತೆ ಅಚ್ಚುಕಟ್ಟು.
ನಮೂನೆಯಲ್ಲಿ ಜಡೆಗೆ ಕಾಲಮ್ಮಿಲ್ಲ.
ಸುಮ್ಮನೆ ಹನ್ನೊಂದು ಎಂದು ಬರೆದು
ಕಾರ್ಬನ್ ಹಾಳೆ ತಿರುಗಿಸಿದೆ.

ಎರಡು ವರ್ಷದ ಮೇಲೆ ಮದರಾಸಿನ ಬಂದರಿನಲ್ಲಿ
ನಮ್ಮ ಪೆಟ್ಟಿಗೆಗಳನ್ನು ನಾವೇ ಇಳಿಸಿಕೊಂಡೆವು.
ಹಾರದವರು ಯಾರೂ ಬಂದಿರಲಿಲ್ಲ.

ಇಲ್ಲಿಯವರೆಗೆ ಬರೆದಿಟ್ಟೆ. ಆಮೇಲೆ ಕೈಲ್ ಪೊಳ್ದ್ ಬಂತು.

ಕೋವಿಗಳನ್ನು ಒರೆಸಿ, ನೆಲ್ಲಕ್ಕಿ ದೀಪದ ಮುಂದೆ ಸಾಲಾಗಿ ಇಟ್ಟು
ಗಂಧದ ಬೊಟ್ಟು, ನಳಿಗೆಯ ಬಾಯಿಗೆ ತೋಕ್ ಪೂ.
ಕೆಂಪು ಹಳದಿ ದಳ ಬೆಂಕಿಯಂತೆ ಮೇಲಕ್ಕೆ ಹೊರಳಿದ್ದು,
ಬೇಲಿಯಲ್ಲಿ ತಾನಾಗಿ ಹಬ್ಬುವ ಬಳ್ಳಿ, ಗೆಡ್ಡೆ ಮಾತ್ರ ವಿಷ.

ಕಡಂಬುಟ್ಟಿಗೆಂದು ಜಗಲಿಗೆ ಬಂದ ರಾಕಾಯಿ
ಬಾಗಿಲಿಂದಲೇ ಇಣುಕಿದಳು.
ಸುಳ್ಯದ ಕಡೆಯ ರಬ್ಬರ್ ಲೈನಿನಿಂದ
ನಮ್ಮ ತೋಟದ ಕಳೆ ತೆಗೆಯಲು ಬರುವವಳು,
ಅದಕ್ಕೂ ಮೊದಲು ಹಡಗಿನಲ್ಲಿ, ಮಂಡಪಂ ಕ್ಯಾಂಪಿನಲ್ಲಿ,
ಅದಕ್ಕೂ ಮೊದಲು ಆ ದ್ವೀಪದ ಚಹಾ ಗುಡ್ಡದಲ್ಲಿ.
ಕಾರ್ತಿಗೈ ಪೂ, ಅಂದಳು.
ಕೋವಿಗೆ ಯಾಕೆ ಇಡುತ್ತೀರಿ ದೊರೆ?
ಅಲ್ಲಿ ಇದನ್ನು ಸತ್ತ ಮಕ್ಕಳಿಗೆ ಇಡುತ್ತಿದ್ದರಂತೆ.

ಅಂತೆ ಯಾಕೆ, ಅಂದೆ.
ನಾನು ನೋಡಿಲ್ಲ, ತಮ್ಮನಿಗೆ ಯಾರಾದರೂ ಇಟ್ಟರೋ ಏನೋ,
ಅವನು ಹಡಗು ಹತ್ತಲಿಲ್ಲ, ವನ್ನಿಯ ಕಾಡಿಗೆ ಹೋದ.
ಯಾವ ವರ್ಷ ಎಂದು ಕೇಳಿದೆ. ಹೇಳಿದಳು.

ತಮ್ಮ. ತಂಗಿಯಲ್ಲ ತಾನೆ.
ಒಂದು ಕ್ಷಣ ಎದೆ ಹಗುರವಾಯಿತು.
ಉಳಿದ ಹತ್ತೂ ಗಂಡುಹುಡುಗರೇ ಎಂಬುದು
ಆಮೇಲೆ ನೆನಪಾಯಿತು.

ನೀವೂ ಅಲ್ಲಿಗೆ ಬಂದಿದ್ದಿರಾ ದೊರೆ?
ಗುಮಾಸ್ತನಾಗಿ, ಅಂದೆ.
ಅವಳು ಪಂದಿಕರಿಯ ತಟ್ಟೆ ಹಿಡಿದು
ಮೆಟ್ಟಿಲ ಕೆಳಗೆ ಕೂತು ತಿಂದಳು, ನಿಧಾನಕ್ಕೆ.
ಆಚೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತಿದ್ದರು.
ಪ್ರತಿ ಸದ್ದಿಗೂ
ಇಬ್ಬರೂ ಒಟ್ಟಿಗೆ ಬೆಚ್ಚುತ್ತಿದ್ದೆವು.

ನಿನ್ನೆ ಮತ್ತೆ ಪುಣೆಯಿಂದ ಫೋನು.
ಎಲ್ಲಿಗೆ ಬಂತು ನಿನ್ನ ಅಧ್ಯಾಯ?
ಹೂವಿನ ತನಕ ಬಂದಿದ್ದೇನೆ ಸಾರ್.
ಹಾ, ಹಾರ ಹಾಕಿದ್ದು ತಾನೆ, ಅಂದರು ಸಾಹೇಬರು,
ಅದನ್ನು ಚೆನ್ನಾಗಿ ಬರಿ.